ಟೊಲೀಡೊ ದಾರಿ

ಫೋರ್ಟ್ ವೇನ್‌ನಲ್ಲಿ ನಮ್ಮ ಕಾರ್ಖಾನೆ ಮುಚ್ಚಿದಾಗ ಮ್ಯಾನೇಜರು ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ, "ಟೊಲೀಡೊದಲ್ಲಿ ಕೆಲಸ ಇದೆ, ಬರೋರು ಬರಬಹುದು. ನೂರು ಮೈಲಿ ಏನು ಮಹಾ ದೂರ?" ಅಂದ. ಅವನು ಆಗಲೇ ಅಲ್ಲಿ ಮನೆ ಮಾಡಿ ಆಗಿತ್ತು.

ನಾನೂ ಮರ್ಲ್ ಹಾಕ್‌ಮಯರೂ ಒಪ್ಪಿಕೊಂಡೆವು. ಲಾರಿಯ ಆಕ್ಸಲ್ ಮಾಡುವುದು ಬಿಟ್ಟರೆ ನಮಗೆ ಬೇರೇನೂ ಬರುತ್ತಿರಲಿಲ್ಲ. ಅವನ ಪಿಕಪ್‌ನಲ್ಲಿ ಕತ್ತಲಿರುವಾಗಲೇ ಹೊರಟು, ಮಾಮೀ ನದಿ ಪಕ್ಕದ ಕಿರಿದಾದ ರಸ್ತೆಯಲ್ಲಿ ಮೆಕ್ಕೆಜೋಳದ ಲಾರಿಗಳ ಬೆನ್ನು ನೋಡುತ್ತ ಹೋಗುವುದು, ಕತ್ತಲಾದ ಮೇಲೆ ವಾಪಸು.

ಅವನ ಹೆಂಡತಿ ಜಾನೀನ್ ಮೊದಲ ಚಳಿಗಾಲದಲ್ಲೇ ನನ್ನೆದುರು ಕೇಳಿದಳು: "ಮನೆ ಮಾರಿ ಅಲ್ಲಿಗೇ ಹೋಗೋಣ ಮರ್ಲ್. ಬೆಳಕಲ್ಲಿ ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು!"

"ಆ ಕಾರ್ಖಾನೇನೂ ಇವತ್ತೋ ನಾಳೆನೋ ಮುಚ್ತಾರೆ. ಆಮೇಲೆ ಆ ಊರಲ್ಲಿ ಬೀದೀಲಿ ನಿಲ್ಲೋದಾ?"

"ನೀನು ಕಟ್ಟಿಕೊಂಡಿದ್ದು ನನ್ನನ್ನಾ, ಆ ಪಿಕಪ್ಪನ್ನಾ?"

ಮೊದಮೊದಲು ನಗುತ್ತ ಕೇಳುತ್ತಿದ್ದಳು. ಆಮೇಲೆ ನಗದೆ ಕೇಳಿದಳು. ಕೊನೆಗೆ ಕೇಳುವುದನ್ನೇ ಬಿಟ್ಟಳು. ಮಗಳು ಕಾರ್ಲಾ ಸಾಫ್ಟ್‌ಬಾಲ್ ಆಡಿ ಶಾಲೆಗೆ ಹೆಸರು ತಂದಳು. ಅಪ್ಪ ಒಂದು ಆಟವನ್ನೂ ನೋಡಲಿಲ್ಲ. ಟೊಲೀಡೊ ಕಾರ್ಖಾನೆ ಮುಚ್ಚಲೂ ಇಲ್ಲ.

ಹಿಮ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಜಾನೀನ್ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ. ಮೊಬೈಲು ಆಗಿನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ಕಾರ್ಲಾ ಆಸ್ಪತ್ರೆಯಿಂದ ಕಾರ್ಖಾನೆಗೆ ಫೋನ್ ಮಾಡಿದಳು. ಎತ್ತಿದವನು ಫೋರ್‌ಮನ್ ಡೆಲ್ಬರ್ಟ್. ಆವತ್ತು ಆಳು ಕಮ್ಮಿ. ಮರ್ಲ್ ಎದ್ದುಹೋದರೆ ಕೆಲಸ ನಿಲ್ಲುತ್ತಿತ್ತು. ಶಿಫ್ಟ್ ಮುಗಿದು ನಾವು ಕೈ ತೊಳೆಯುವಾಗ ಬಂದು ಹೇಳಿದ.

"ಫೋನ್ ಯಾವಾಗ ಬಂತು?" ಮರ್ಲ್ ಕೇಳಿದ.

"ಊಟಕ್ಕೆ ಮುಂಚೆ. ನೋಡಪ್ಪಾ, ನೂರು ಮೈಲಿ ಆಚೆ ಇದ್ದೀಯ. ಆಗಲೇ ಹೇಳಿದ್ರೂ ಏನು ಮಾಡೋಕಾಗ್ತಿತ್ತು?"

ಮರ್ಲ್ ಅವನ ಕೊರಳಪಟ್ಟಿ ಹಿಡಿದ. ಹೊಡೆಯುವುದಕ್ಕೂ ಹೊತ್ತಿರಲಿಲ್ಲ, ಬಿಟ್ಟು ಓಡಿದ.

ಪಿಕಪ್ ನಾನು ಓಡಿಸಿದೆ. ನಪೋಲಿಯನ್ ಅನ್ನುವ ಊರಿನ ಹತ್ತಿರ ಲಾರಿಯೊಂದು ಜಾರಿ ರಸ್ತೆಗೆ ಅಡ್ಡ ಮಲಗಿತ್ತು. ಮುಂದೆ ವಾಹನಗಳ ಸಾಲು.

"ಹಾರ್ನ್ ಹೊಡಿ."

"ಹೊಡೆದು ಏನು ಬಂತು ಮಾರಾಯ?"

"ಹೊಡಿಯೋ ಅಂದ್ರೆ!"

ಹೊಡೆದೆ. ಯಾರೂ ತಿರುಗಿ ಕೂಡ ನೋಡಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಕಾರ್ಲಾ ಅಮ್ಮನ ಕೋಟು ಹಿಡಿದು ಕೂತಿದ್ದಳು. ಎಲ್ಲ ಮುಗಿದಿತ್ತು. "ಮಧ್ಯಾಹ್ನ ಅಮ್ಮನಿಗೆ ಎಚ್ಚರ ಇತ್ತು," ಅಂದಳು. "ನಿನ್ನನ್ನೇ ಕೇಳ್ತಿದ್ದಳು. ಅಪ್ಪ ದಾರೀಲಿದ್ದಾನೆ ಅಂತ ಹೇಳ್ತಾನೇ ಇದ್ದೆ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ ನೀನು."

ಮರ್ಲ್ ಡೆಲ್ಬರ್ಟನ ಹೆಸರು ಎತ್ತಲಿಲ್ಲ. ನಾನು ಬಾಯಿ ತೆರೆದರೆ ಕೈಸನ್ನೆ ಮಾಡಿ ತಡೆದ.

ಯೂನಿಯನ್ನಿಗೆ ದೂರು ಕೊಟ್ಟೆವು. ವಿಚಾರಣೆ ಅಂತ ಒಂದು ಶಾಸ್ತ್ರ ನಡೆಯಿತು. ಡೆಲ್ಬರ್ಟನಿಗೆ ಮುಂದೆ ಬಡ್ತಿಯೂ ಸಿಕ್ಕಿತು. ಮರ್ಲ್ ಮನೆ ಮಾರಿ ಟೊಲೀಡೊದಲ್ಲಿ, ಕಾರ್ಖಾನೆ ಗೇಟಿನ ಎದುರಿಗೇ, ಒಂದು ಕೋಣೆ ಹಿಡಿದ. "ಈಗ ಯಾಕೋ?" ಅಂದೆ. "ಈಗ ಆ ಮನೇಲಿ ಯಾರಿದ್ದಾರೆ?" ಅಂದ.

ಕಾರ್ಲಾಳ ಮದುವೆಗೆ ನನಗೆ ಕರೆ ಬಂತು, ಅವನಿಗೆ ಬರಲಿಲ್ಲ. ನಾನು ಹೋಗಿ ಬಂದ ಮೇಲೆ, ಸೋಮವಾರ ಊಟದ ಹೊತ್ತಿಗೆ ಅವನು ಪಕ್ಕಕ್ಕೆ ಬಂದು ಕೂತ.

"ಚರ್ಚಲ್ಲಿ ಅಪ್ಪನ ಜಾಗದಲ್ಲಿ ಅವಳ ಕೈಹಿಡಿದು ಕರ್ಕೊಂಡು ಬಂದದ್ದು ಯಾರು?"

"ಅವಳ ಸೋದರಮಾವ."

ಮರ್ಲ್ ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟು, ಮೆಶಿನ್ನಿನ ಕಡೆ ನಡೆದ.