ಅಂಗೈಯಲ್ಲಿ ನೋಡುತ್ತಿದ್ದ ಅಕ್ಕ

ನಮ್ಮಕ್ಕ ಕಂಬಳಿ ನೇಯುತ್ತಿದ್ದಳು. ನೇಯ್ದಷ್ಟನ್ನು ಕಣ್ಣು ಮುಚ್ಚಿ ಅಂಗೈಯಿಂದ ಸವರುವಳು. ಒಂದು ಎಳೆ ಸಡಿಲವಿದ್ದರೂ ಕೈ ಅಲ್ಲೇ ನಿಲ್ಲುತ್ತಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅವಳ ಪಕ್ಕ ಮಗ್ಗಕ್ಕೆ ಕೂತವನು ನಾನು. ಕೆಲಸದಲ್ಲಿ ನಾನೂ ಯಾರಿಗೂ ಕಡಿಮೆಯಿರಲಿಲ್ಲ. ಒಮ್ಮೆ ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದಾಗಲೇ ಅವಳ ಕೈ ನಾನು ನೇಯ್ದ ಕಂಬಳಿಯ ಮೇಲೆ ನಿಂತಿತು.

“ಯಾರಿಗೂ ಕಾಣಲ್ಲ ಬಿಡಕ್ಕ” ಎಂದೆ.

“ಹೊದ್ದೋನಿಗೆ ಗೊತ್ತಾಗ್ತೈತೆ ಕಣಲೇ. ಬಿಚ್ಚು.”

ಗೇಣುದ್ದ ಬಿಚ್ಚಿಸಿದಳು. ಗಿರಾಕಿ ಬೈದುಕೊಂಡು ಬರಿಗೈಲಿ ಹೊಳಲ್ಕೆರೆ ಬಸ್ಸು ಹತ್ತಿದ.

ಮೊನ್ನೆ ಅವಳು ತೀರಿಕೊಂಡಳು. ನಿಧನವಾರ್ತೆ ಕೊಡಲು ಹೊಸದುರ್ಗದ ಪತ್ರಿಕೆಯೊಂದರ ಕಚೇರಿಗೆ ಹೋದೆ. ಅಲ್ಲಿದ್ದವನು ತಾನೇ ಬರೆದು ಓದಿದ: “ಗೃಹಿಣಿ, ಸದಾ ನಗುಮುಖದವರು, ಮೃದುಭಾಷಿ. ಒಬ್ಬ ತಮ್ಮನನ್ನು ಅಗಲಿದ್ದಾರೆ.”

“ಗೃಹಿಣಿ ಅಲ್ಲ, ಕಂಬಳಿ ನೇಯ್ತಿದ್ಲು ಅಂತ ಹಾಕ್ರಿ. ನಗುಮುಖ ತೆಗೀರಿ. ಮೃದುಭಾಷಿನೂ ತೆಗೀರಿ, ಬೈದ್ರೆ ಬೀದಿಗೆಲ್ಲ ಕೇಳ್ತಿತ್ತು.”

“ಏನ್ ಯಜಮಾನ್ರೇ, ಎಲ್ರಿಗೂ ಹಿಂಗೇ ಹಾಕೋದು. ಯಾರು ನೋಡ್ತಾರೆ?”

“ನಾನು ನೋಡ್ತೀನಿ. ತೆಗೀರಿ.”

ಅವನು ಒಂದೊಂದಾಗಿ ಹೊಡೆದುಹಾಕಿದ. ಕೊನೆಗೆ ತಮ್ಮನ ಸಾಲಿಗೆ ಬಂದ. ಅದನ್ನು ಎರಡು ಸಲ ಓದಿಸಿದೆ. ಅದರಲ್ಲಿ ಬಿಚ್ಚುವಂಥದ್ದು ಏನೂ ಸಿಗಲಿಲ್ಲ.