ಕ್ವಾರಿಯಲ್ಲಿ ಗಂಡನ ಹೆಸರು

ಕಳೆದ ವಾರ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಲು ಹೋದವನ ತಲೆಯ ಮೇಲೆ ಒಂದು ಹಳದಿ ಹೆಲ್ಮೆಟ್ಟು ಬಿತ್ತು. ತಲೆ ಕಾಯಬೇಕಾದ ವಸ್ತುವೇ ತಲೆಗೆ ಪೆಟ್ಟು ಕೊಟ್ಟಿತಲ್ಲ ಎಂದು ನನಗೆ ಸಿಟ್ಟು ಬಂತು, ಹೆಂಡತಿಗೆ ನಗು ಬಂತು. ಆಕೆ ಅದರೊಳಗೆ ಯಾವಾಗಲೋ ಒಣಮೆಣಸಿನಕಾಯಿ ತುಂಬಿಟ್ಟಿದ್ದಳು. ಹಾಗಾಗಿ ಪೆಟ್ಟಿನ ಜೊತೆಗೆ ಸೀನುಗಳೂ ಬಂದವು. ಸೀನೆಲ್ಲ ತೀರಿದ ಮೇಲೆ ಮೂಗಿಗೆ ಹತ್ತಿದ್ದು ಬೇರೆಯೇ ವಾಸನೆ: ಕಲ್ಲಿನ ಪುಡಿ, ಡೀಸೆಲ್ಲು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಆ ವಾಸನೆ ನನ್ನನ್ನು ಎಳೆದುಕೊಂಡು ನೇರವಾಗಿ ಹನುಮಸಾಗರದ ಆಚೆಗಿನ ಕೆಂಪು ಕಲ್ಲಿನ ಕ್ವಾರಿಗೆ ಒಯ್ದು ನಿಲ್ಲಿಸಿತು.

ನೀವು ನನ್ನನ್ನು ನೋಡಿಲ್ಲ, ಒಳ್ಳೆಯದೇ ಆಯಿತು. ನೋಡಿದ್ದರೆ ಈ ಮನುಷ್ಯ ಕ್ವಾರಿಯಲ್ಲಿ ಕೆಲಸ ಮಾಡಿದ್ದನೆಂದರೆ ನಂಬುತ್ತಲೇ ಇರಲಿಲ್ಲ. ತುಂಬಿದ ಕೊಡ ಎತ್ತಿದರೆ ಸೊಂಟ ಹಿಡಿಯುವ ಪೈಕಿ ನಾನು. ಕನ್ನಡ ಎಂ.ಎ. ಮುಗಿಸಿ, ಕೊಪ್ಪಳದ ಮನೆಯಲ್ಲಿ ಚಹಾ ಕುಡಿಯುತ್ತ ಅರ್ಜಿ ಹಾಕುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದೆ. ಅಂಥವನಿಗೆ, ಕೆಲಸ ಹೇಗೆ ಗಿಟ್ಟಿಸಬೇಕೆಂದು ಇತರರಿಗೆ ಕಲಿಸುವ ಕೆಲಸ ಸಿಕ್ಕಿತು! ದೇವರಿಗೆ ಹಾಸ್ಯಪ್ರಜ್ಞೆ ಇದೆ ಎನ್ನಲು ನನಗೆ ಬೇರೆ ಪುರಾವೆ ಬೇಕಾಗಿಲ್ಲ.

ಕ್ವಾರಿ ಕೆಲಸಕ್ಕೆ ಬೇಕಾದ ಕೌಶಲಗಳನ್ನು ಸುತ್ತಲಿನ ಹಳ್ಳಿಯವರಿಗೇ ಕಲಿಸಿ, ಅವರಿಗೇ ನೌಕರಿ ಕೊಡುವ ತರಬೇತಿ ಅದು. ಕ್ರೇನು ನಡೆಸುವುದು, ಕಲ್ಲಿಗೆ ರಂಧ್ರ ಕೊರೆಯುವುದು, ಸರಪಳಿ ಕಟ್ಟುವುದು, ಇವನ್ನೆಲ್ಲ ಬಲ್ಲವರು ಕಲಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು 'ಸಂವಹನ ಕೌಶಲ'. ಅಂದರೆ ಸಂದರ್ಶನಕ್ಕೆ ಹೋದಾಗ ಹೇಗೆ ಕೂರಬೇಕು, ಹೇಗೆ ನಗಬೇಕು, ಕೈ ಹೇಗೆ ಕುಲುಕಬೇಕು. ಮೊದಲ ದಿನವೇ, "ಕೈಯಲ್ಲಿ ಆತ್ಮವಿಶ್ವಾಸ ಇರಬೇಕು" ಎಂದು ಹೇಳಿ ಕೈ ಚಾಚಿದೆ. ಹುಟ್ಟಿದಾಗಿನಿಂದ ಹಾರೆ ಹಿಡಿದ ಜನ ಅವರು. ಆತ್ಮವಿಶ್ವಾಸ ಎಷ್ಟಿತ್ತೆಂದರೆ, ಆ ವಾರ ಪೂರ್ತಿ ನಾನು ಎಡಗೈಯಲ್ಲಿ ಊಟ ಮಾಡಬೇಕಾಯಿತು.

ಅಲ್ಲಿಯೇ ನನಗೆ ರೇಣವ್ವ ಸಿಕ್ಕಿದ್ದು. ಕ್ರೇನಿಗೆ ಸೂಚನೆ ಕೊಡುವ ಕೆಲಸ ಕಲಿಯಲು ಬಂದಿದ್ದಳು. ಕ್ರೇನಿನ ಗೂಡಿನೊಳಗೆ ಕೂತವನಿಗೆ ಕೆಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. ಕೆಳಗೆ ನಿಂತವರು ವಾಕಿಟಾಕಿಯಲ್ಲಿ 'ಎತ್ತು, ಇಳಿಸು, ಎಡಕ್ಕೆ, ನಿಲ್ಲಿಸು' ಎಂದು ಹೇಳಬೇಕು. ಆಕೆಯ ಗಂಡ ಹಣಮಂತ ಅದೇ ತರಬೇತಿಯಲ್ಲಿ ಕ್ರೇನು ನಡೆಸಲು ಕಲಿಯುತ್ತಿದ್ದ. ಇಬ್ಬರಿಗೂ ಕೆಲಸ ಸಿಕ್ಕರೆ ಒಂದೇ ಪಾಳಿ, ಒಂದೇ ಕ್ರೇನು.

"ಇದೊಂದು ನೌಕರಿ ಸಿಕ್ರ ಸಾಕ್ರಿ ಸರ್ರ," ಎಂದಿದ್ದಳು ಒಮ್ಮೆ. "ಪ್ರತಿ ಬ್ಯಾಸಗಿಗೂ ಮಗಳನ್ನ ಅತ್ತಿ ಹತ್ರ ಬಿಟ್ಟು ಮಂಗ್ಳೂರಿಗೆ ದುಡಿಯಾಕ ಹೋಗ್ತೀವ್ರಿ. ಹ್ವಾದ ವರ್ಷ ತಿರುಗಿ ಬಂದಾಗ, ಕೂಸು ನನ್ನ ನೋಡಿ ಅತ್ತಿ ಸೆರಗಿನ ಹಿಂದ ಅಡಗಿಕೊಂತ್ರಿ. ಇವ್ರೊಬ್ರ ಪಗಾರದಾಗ ಮನಿ ನಡಿಯಂಗಿಲ್ಲ. ಇಬ್ರಿಗೂ ಆಗಬೇಕು."

ಹೇಳುವಾಗ ಅಳಲಿಲ್ಲ. ನಾನೇ ಕರಿಹಲಗೆಯ ಕಡೆ ತಿರುಗಿ ಏನೋ ಒರೆಸಿದೆ. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

ಈಗ ತೊಡಕಿಗೆ ಬರೋಣ. ತೊಡಕು ತಂದವನು ನಾನೇ. ಆ ಕ್ವಾರಿಯಲ್ಲಿ ಎರಡು ಕ್ರೇನು, ಎಲ್ಲರ ಮಾತೂ ಒಂದೇ ಚಾನೆಲ್ಲಿನಲ್ಲಿ. ಯಾರಿಗೆ ಹೇಳಿದ್ದೆಂದು ಗೊತ್ತಾಗದೆ ಒಬ್ಬನಿಗೆ 'ಎತ್ತು' ಎಂದರೆ ಇಬ್ಬರೂ ಎತ್ತುತ್ತಿದ್ದರು. ಕ್ರೇನುಗಳಿಗೆ ಒಂದು, ಎರಡು ಎಂದು ನಂಬರು ಕೊಡಲು ಹೋದರು. ಎರಡನೇ ನಂಬರು ಆಗಲು ಯಾವ ಡ್ರೈವರನೂ ಒಪ್ಪಲಿಲ್ಲ. ಆಗ ನಾನು ಪುಸ್ತಕ ನೋಡಿ ಜಾಣತನದಿಂದ ಒಂದು ನಿಯಮ ಮಾಡಿದೆ: ಮೊದಲು ಡ್ರೈವರನ ಹೆಸರು, ಆಮೇಲೆ ಸೂಚನೆ. ಎಲ್ಲರೂ ತಲೆದೂಗಿದರು. ನನ್ನ ಸಂವಹನ ಕೌಶಲದ ಬಗ್ಗೆ ನನಗೇ ಹೆಮ್ಮೆಯಾಯಿತು.

ರೇಣವ್ವನ ಸರದಿ ಬಂತು. ವಾಕಿಟಾಕಿ ಹಿಡಿದು ನಿಂತಳು, ಬಾಯಿ ತೆರೆದಳು, ಮುಚ್ಚಿದಳು.

"ಹೇಳಮ್ಮ, ಹೆಸರು ಹೇಳು," ಎಂದೆ.

"ಹೆಂಗ ಹೇಳ್ಲಿ ಸರ್ರ? ಅವ್ರು ನಮ್ಮನಿಯವ್ರು!"

ಗೊತ್ತಲ್ಲ, ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಮಾತ್ರ, ಪ್ರಾಸ ಕಟ್ಟಿ, ಅದರ ನಡುವೆ ಹೆಸರನ್ನು ಮೆತ್ತಗೆ ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ. ಅದಿಲ್ಲದೆ ಬರಿ ಹೆಸರು ಬಾಯಲ್ಲಿ ಬಂದರೆ ಗಂಡನ ಆಯುಷ್ಯ ಕಡಿಮೆ ಎಂದು ರೇಣವ್ವನ ಅತ್ತೆ ಗೌರವ್ವನ ಕಟ್ಟುನಿಟ್ಟು. 'ಏನ್ರೀ' ಎಂದು ಕರೆಯಲಿ ಎಂದರೆ, ಕ್ವಾರಿಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೇ ತಿರುಗಿ ನೋಡುತ್ತಿದ್ದರು.

ರೇಣವ್ವ ಒಂದು ಗಳಿಗೆ ಯೋಚಿಸಿ, ಸೆರಗು ಸರಿಪಡಿಸಿಕೊಂಡು, ಗುಂಡಿ ಒತ್ತಿದಳು:

"ಬೆಳ್ಳಿ ಬಟ್ಟಲದಾಗ ಬಿಳಿ ಜ್ವಾಳದ ಬಾನ,
ಹಣಮಂತಪ್ಪನವರ ಹೆಸರು ಹೇಳ್ತೀನಿ, ಎತ್ತಲಿ ಕ್ರೇನ!"

ಕ್ರೇನು ಎತ್ತಿತು. ಕ್ವಾರಿಯವರೆಲ್ಲ ಚಪ್ಪಾಳೆ ತಟ್ಟಿದರು. ಗೂಡಿನೊಳಗೆ ಹಣಮಂತ ಮದುಮಗನ ಹಾಗೆ ತಲೆ ತಗ್ಗಿಸಿ ಕೂತಿದ್ದ. ಅಂದಿನಿಂದ ಆಕೆಯ ಪ್ರತಿಯೊಂದು ಸೂಚನೆಯೂ ಒಡಪು. ಎತ್ತುವುದಕ್ಕೊಂದು, ಇಳಿಸುವುದಕ್ಕೊಂದು. ಉಳಿದವರು ಕೊರೆಯುವ ಯಂತ್ರ ನಿಲ್ಲಿಸಿ ಕೇಳುತ್ತಿದ್ದರು. ಮನೆಗೆ ಹೋಗಿ ಹೆಂಡಂದಿರಿಗೂ ಹೇಳುತ್ತಿದ್ದರೆಂದು ಕಾಣುತ್ತದೆ, ಊಟದ ಹೊತ್ತಿಗೆ ಹೆಂಗಸರೆಲ್ಲ ಬುತ್ತಿಯ ನೆಪದಲ್ಲಿ ಬಂದು, ಹೊರಗಿನವರು ಒಳಗೆ ಬರದಂತೆ ಕಟ್ಟಿದ್ದ ಹಗ್ಗದಾಚೆ ಕೂರತೊಡಗಿದರು. ಕಲ್ಲು ತೆಗೆಯುವ ಕೆಲಸ ಮಾತ್ರ ಅರ್ಧಕ್ಕಿಳಿಯಿತು.

"ಪರೀಕ್ಷಾದಾಗ ಇದು ನಡಿಯಂಗಿಲ್ಲ ರೇಣವ್ವ," ಎಂದು ನಾನೂ ನನ್ನ ಊರಿನ ಮಾತಿಗಿಳಿದು ಬೇಡಿಕೊಂಡೆ. "ಬರೇ ಹೆಸರು ಹೇಳಿಬಿಡು. ಏನಾಗಂಗಿಲ್ಲ."

"ನಿಮ್ಮನಿಯವ್ರು ನಿಮ್ಮ ಹೆಸರು ಹಿಡದು ಕರೀತಾರೇನ್ರಿ?"

ನಾನು ಕೆಮ್ಮಿದೆ. ನನ್ನ ಹೆಂಡತಿ ನನ್ನನ್ನು ಹೆಸರಿನಿಂದ ಕರೆಯುವುದಿಲ್ಲ, ಆದರೆ ಕರೆಯುವ ಉಳಿದ ಪದಗಳನ್ನು ತರಬೇತಿಯಲ್ಲಿ ಹೇಳುವ ಹಾಗಿರಲಿಲ್ಲ.

ಪರೀಕ್ಷೆಯ ದಿನ ಹೈದರಾಬಾದಿನಿಂದ ಪರೀಕ್ಷಕರು ಬಂದರು. ದಪ್ಪ ಮೀಸೆ, ಕಪ್ಪು ಕನ್ನಡಕ, ಕನ್ನಡ ಅಷ್ಟಕ್ಕಷ್ಟೇ. ಕೆಳಗೆ ನಿಂತವರು ಪಾಸಾಗದಿದ್ದರೆ ಆ ಜಾಗಕ್ಕೆ ಹೊರಗಿನಿಂದ ಬೇರೆಯವರನ್ನು ತರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಊರಿಗೆ ಊರೇ ಹಗ್ಗದಾಚೆ ನೆರೆದಿತ್ತು. ಮುಂದಿನ ಸಾಲಿನಲ್ಲಿ ಗೌರವ್ವ, ಬಗಲಲ್ಲಿ ಮೊಮ್ಮಗಳು, ಕೈಯಲ್ಲಿ ಆಡಿನ ದಾರ. ಮನೆಯಲ್ಲಿ ಬಿಟ್ಟರೆ ಕದಿಯುತ್ತಾರೆಂದು ಆಡನ್ನೂ ಪರೀಕ್ಷೆಗೆ ಕರೆತಂದಿದ್ದಳು.

ರೇಣವ್ವ ಮೊದಲ ಒಡಪು ಹೇಳಿದಳು. ಕಲ್ಲು ಆಳೆತ್ತರಕ್ಕೆ ಎದ್ದಿತು. ಪರೀಕ್ಷಕರು ಹುಬ್ಬೇರಿಸಿ ನನ್ನ ಕಡೆ ತಿರುಗಿದರು. "ಏನು ಹೇಳಿದ್ದು ಅಷ್ಟು ಉದ್ದ?"

"ಡ್ರೈವರನ ಹೆಸರು ಸರ್."

"ಅಷ್ಟು ಉದ್ದ ಹೆಸರಾ?"

"ನಮ್ಮ ಕಡೆ ಹೆಸರುಗಳು ಉದ್ದ ಸರ್," ಎಂದೆ. ಅಷ್ಟರಲ್ಲಿ ಎರಡನೆಯದು ಬಂತು:

"ಹುಣಸಿ ಗಿಡದಾಗ ಹತ್ತು ಗಿಳಿ ಕೂಡಿ,
ಹಣಮಂತಪ್ಪನವರು ಎಡಕ್ಕ ತಿರುಗಲಿ ಸ್ವಲ್ಪ ನೋಡಿ!"

ಪರೀಕ್ಷಕರು ಕನ್ನಡಕ ತೆಗೆದರು. "ಈಗ ಹೆಸರು ಬದಲು ಆಯ್ತು!" ಎಂದು ಗದರಿದರು. ರೇಣವ್ವನಿಗೂ ಅದು ಕೇಳಿಸಿತು. ಮುಖ ಬಾಡಿತು, ಆದರೂ ಮೂರನೆಯದನ್ನು ಶುರು ಮಾಡಿಯೇಬಿಟ್ಟಳು: "ಕಿನ್ನಾಳದ ಗೊಂಬಿಗೆ ಕೆಂಪು ಬಣ್ಣದ ಸೀರಿ..."

ಆಡು ದಾರ ಬಿಡಿಸಿಕೊಂಡಿತು. ಹಗ್ಗದಡಿ ನುಸುಳಿ, ತೂಗುತ್ತಿದ್ದ ಕಲ್ಲಿನ ಕಡೆಗೇ ನೆಟ್ಟಗೆ ಓಡಿತು. ಅದರ ಹಿಂದೆ, ಮೊಮ್ಮಗಳನ್ನು ಪಕ್ಕದವಳ ಮಡಿಲಿಗೆ ದಬ್ಬಿ, ಸೀರೆ ಎತ್ತಿಕಟ್ಟಿ, "ಏ ನಿನ್ನ ಹೆಣಾ ಎತ್ತಲಿ!" ಎಂದು ಬೈಯುತ್ತ ಗೌರವ್ವ. ಅತ್ತ ಕ್ರೇನು ಕಲ್ಲನ್ನು ತಿರುಗಿಸುತ್ತ ಇತ್ತಲೇ ಬರುತ್ತಿದೆ. ಹಣಮಂತನಿಗೆ ಕೆಳಗಿನದು ಕಾಣದು. ಒಡಪಿನಲ್ಲಿ ಹೆಸರು ಇನ್ನೂ ಒಂದು ಸಾಲು ದೂರ ಇದೆ.

"ಹಣಮಂತಾ! ನಿಲ್ಸೋ!"

ಬರಿ ಹೆಸರು. ಅದರ ಮೇಲೆ 'ನಿಲ್ಸೋ' ಎಂಬ ಏಕವಚನ ಬೇರೆ! ವಾಕಿಟಾಕಿ ಬೇಕೇ ಆಗಿರಲಿಲ್ಲ, ಹನುಮಸಾಗರಕ್ಕೂ ಕೇಳಿರಬೇಕು. ಕ್ರೇನು ಗಕ್ಕನೆ ನಿಂತಿತು. ಇನ್ನೊಂದು ಕ್ರೇನೂ ನಿಂತಿತು. ಕೊರೆಯುವ ಯಂತ್ರ ನಿಂತಿತು, ಚಹಾ ಸೋಸುತ್ತಿದ್ದವನ ಕೈ ನಿಂತಿತು. ಗೌರವ್ವನೂ ನಿಂತಳು. ಎಲ್ಲಿ ಅಂತೀರಿ? ಸರಿಯಾಗಿ ಕಲ್ಲಿನ ಕೆಳಗೆ! ಸೊಂಟದ ಮೇಲೆ ಕೈಯಿಟ್ಟು ಸೊಸೆಯ ಕಡೆ ತಿರುಗಿದಳು.

"ಏನಂದೀ? ಏನಂದಿ ನೀ ಈಗ?"

"ಅತ್ತೀ, ಮೊದಲ ಈಚಿ ಬರ್ರಿ!"

"ಬರಂಗಿಲ್ಲ. ಗಂಡನ ಹೆಸರು ಹಿಂಗ ಒದರ್ತಾರೇನು? ಎತ್ತು ಹೊಡದಂಗ? ಉತ್ತರಾ ಕೊಡು!"

"ಈಚಿ ಬಂದು ಬೈರಿ ಅತ್ತೀ, ಕೈ ಮುಗೀತೀನಿ! ತಲಿ ಮ್ಯಾಲ ಕಲ್ಲೈತಿ!"

ಆಡು ಅಷ್ಟು ಹೊತ್ತಿಗೆ ತಾನಾಗಿಯೇ ಹೊರಗೆ ಬಂದು ಪರೀಕ್ಷಕರ ಕಾಗದ ತಿನ್ನಲು ಮೂತಿ ಚಾಚಿತ್ತು. ಗೌರವ್ವ ಮೆಲ್ಲಗೆ ತಲೆಯೆತ್ತಿ ನೋಡಿದಳು. ಎತ್ತಿನ ಬಂಡಿಯಷ್ಟಿದ್ದ ಕಲ್ಲು ಕೈಗೆ ಎಟಕುವಷ್ಟು ಮೇಲೆ ತೂಗುತ್ತಿತ್ತು. ಆಮೇಲೆ ಆಕೆ ಹೊರಗೆ ಬಂದ ವೇಗ ನೋಡಿ ನನಗೆ ಆಡಿನ ಮೇಲೆ ಕನಿಕರ ಬಂತು.

ರೇಣವ್ವ ಕಲ್ಲನ್ನು ನೆಲಕ್ಕಿಳಿಸಿ ಅಲ್ಲೇ ಕುಸಿದು ಕೂತಳು. "ಎರಡೂ ಹೋತ್ರಿ ಸರ್ರ. ನೌಕರಿನೂ ಹೋತು, ಮನಿನೂ ಹೋತು," ಎಂದು ಬಿಕ್ಕಿದಳು. ಪರೀಕ್ಷಕರು ಆಡಿನ ಬಾಯಿಂದ ಕಾಗದ ಬಿಡಿಸಿಕೊಂಡು ಏನೋ ಗೀಚಿ, "ಕಲ್ಲು ಎತ್ತೋದು ಯಾರಾದ್ರೂ ಹೇಳ್ತಾರೆ. ನಿಲ್ಲಿಸೋದು ಹೇಳಿದ್ದು ಈ ಅಮ್ಮ. ಪಾಸ್!" ಎಂದರು. ಹಗ್ಗದಾಚೆ ಒಂದೇ ಕೂಗು. ರೇಣವ್ವ ಮಾತ್ರ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಗೌರವ್ವ ನನ್ನ ಹತ್ತಿರ ಬಂದಳು. ಇನ್ನೂ ಏದುಸಿರು. "ಮಾಸ್ತರ್ರ, ನೌಕರಿ ಸಿಕ್ಕಂಗ ಆತಿಲ್ಲೋ? ಇನ್ನ ಮಂಗ್ಳೂರಿಗೆ ಹೋಗಂಗಿಲ್ಲ ಇವ್ರು?"

"ಇಲ್ರಿ ಯವ್ವ."

"ಕೂಸು ಅವ್ವನ ಹತ್ರನ ಮಲಗತೈತಿ?"

"ಹೌದ್ರಿ."

ಮುದುಕಿ ಹಗ್ಗದ ಕಡೆ ಕೈ ತೋರಿಸಿದಳು. "ಹಂಗಾರ ಒದರ್ಲಿ. ಆದ್ರ ಈ ಹಗ್ಗದ ಒಳಗಷ್ಟ. ಹಗ್ಗ ದಾಟಿದ ಮ್ಯಾಲ 'ಏನ್ರೀ' ಅನ್ನಬೇಕು, ಹೇಳಿರ್ತೀನಿ," ಎಂದು ಆಡನ್ನು ಎಳೆದುಕೊಂಡು ಹೊರಟಳು. ರೇಣವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ನನಗೂ ಕಣ್ಣು ತುಂಬಿತ್ತು, ಕಲ್ಲಿನ ಪುಡಿ ಎಂದು ಎಲ್ಲರಿಗೂ ಹೇಳಿದೆ.

ಕಳೆದ ವಾರ ಆ ಹೆಲ್ಮೆಟ್ಟಿನ ಸೀನು ನಿಂತ ಮರುದಿನವೇ ಬಸ್ಸು ಹತ್ತಿ ಆ ಕ್ವಾರಿಗೆ ಹೋಗಿಬಂದೆ. ರೇಣವ್ವ ಈಗ ಹೊಸ ಹುಡುಗಿಯರಿಗೆ ಕಲಿಸುತ್ತಾಳೆ. 'ಹಣಮಂತ, ಎಡಕ್ಕೆ' ಎಂದು ಸರಾಗವಾಗಿ ಹೇಳುತ್ತಾಳೆ, ಆತ ಈಗಲೂ ಪ್ರತಿ ಸಲ ಸ್ವಲ್ಪ ಕೆಂಪಾಗುತ್ತಾನೆ. ಮಗಳು ಊರಿನ ಶಾಲೆಗೇ ಹೋಗುತ್ತಾಳೆ. ಮಧ್ಯಾಹ್ನ ಗೌರವ್ವ ರೊಟ್ಟಿ ಬುತ್ತಿ ತಂದಳು. ನಾವೆಲ್ಲ ತಗಡಿನ ನೆರಳಲ್ಲಿ ಕೂತಾಗ, ಸೊಸೆಯ ಪಕ್ಕದಲ್ಲಿದ್ದ ವಾಕಿಟಾಕಿಯನ್ನೇ ನೋಡುತ್ತಿದ್ದಳು.

"ಇದರಾಗ ಯಾರ ಹೆಸರು ಬೇಕಾದ್ರೂ ಕರೀಬಹುದನ?"

"ಕರೀಬಹುದು ಅತ್ತಿ. ಹಗ್ಗದ ಒಳಗ ಅದೀವಲ್ಲ," ಎಂದು ರೇಣವ್ವ ಗುಂಡಿ ತೋರಿಸಿದಳು.

ಗೌರವ್ವನ ಗಂಡ ತೀರಿಹೋಗಿ ಬಹಳ ವರ್ಷವಾಗಿದೆ. ಬದುಕಿದ್ದಷ್ಟು ದಿನ ಅವರನ್ನು ಒಮ್ಮೆಯೂ ಹೆಸರಿನಿಂದ ಕರೆದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳಂತೆ. ವಾಕಿಟಾಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿಯ ಹತ್ತಿರ ತಂದು, ಸುತ್ತ ಒಮ್ಮೆ ನೋಡಿ, ಗುಂಡಿ ಒತ್ತಿದಳು.

"ಶರಣಪ್ಪಾ."

ವಾಕಿಟಾಕಿಯ ಡಬ್ಬಿ ಕರಕರ ಎಂದಿತು. ಆಚೆ ಹೊಂಡದಲ್ಲಿ ಕಲ್ಲು ಕೊರೆಯುತ್ತಿದ್ದ, ಅಳವಂಡಿಯಿಂದ ಹೊಸದಾಗಿ ಬಂದವನ ಹೆಸರೂ ಅದೇ ಎಂದು ಆಕೆಗೇನು ಗೊತ್ತು? "ಹಾಂ, ಹೇಳ್ರಿ!" ಎಂದಿತು ಡಬ್ಬಿ.

ಮುದುಕಿ ಬೆಚ್ಚಿದಳು. ರೇಣವ್ವ ನಗುತ್ತ ಏನೋ ಹೇಳಲು ಬಾಯಿ ತೆರೆದಳು. ಗೌರವ್ವ ಸುಮ್ಮನಿರೆಂದು ಕೈಯೆತ್ತಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಮತ್ತೆ ಗುಂಡಿ ಒತ್ತಿ, ಮೆತ್ತಗೆ ಹೇಳಿದಳು:

"ಏನಿಲ್ರೀ. ಸುಮ್ನ ಕರದೆ."