ಗೋಡೆಗೆ ಮುಖ ಮಾಡಿ ನಿಂತಿದ್ದ ಕಾರು

ದೆವ್ವ, ಪವಾಡ, ಮಾಟಮಂತ್ರ ಇವು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಧೈರ್ಯವಂತನೆಂದಲ್ಲ. ಹೆದರಿಕೊಳ್ಳಲು ನನಗೆ ಬೇರೆ ವಿಷಯಗಳೇ ಬೇಕಾದಷ್ಟಿದ್ದವು. ಗ್ಯಾಸ್ ಆರಿಸಿದೆನೋ ಇಲ್ಲವೋ, ಬಾಗಿಲಿಗೆ ಬೀಗ ಬಿತ್ತೋ ಇಲ್ಲವೋ, ಎಡಗೈ ಜೋಮು ಹಿಡಿದದ್ದು ಹೃದಯದ ದೆಸೆಯಿಂದಲೋ ಮಲಗಿದ ರೀತಿಯಿಂದಲೋ. ಇವನ್ನೆಲ್ಲ ಮುಗಿಸಿ ದೆವ್ವದ ಸರದಿ ಬರುವ ಹೊತ್ತಿಗೆ ನಿದ್ದೆ ಬಂದುಬಿಡುತ್ತಿತ್ತು. ಅಂಥವನಾದ ನಾನು ಈಗ ಹೇಳಹೊರಟ ಸಂಗತಿ ಅಮಾವಾಸ್ಯೆಯ ರಾತ್ರಿ ಸ್ಮಶಾನದಲ್ಲಿ ನಡೆದದ್ದಲ್ಲ. ಬೈರಮಂಗಲದಲ್ಲಿ, ಹಾಡಹಗಲಲ್ಲಿ, ಮುದ್ದೆ ಉಂಡ ಮೇಲೆ ನಡೆದದ್ದು. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಗೆಳೆಯ ನಂಜುಂಡನಿಗೆ ರಾಮನಗರದಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವ ಅಂಗಡಿ. ನಾನು ಅಲ್ಲಿಯೇ ಒಂದು ಕಾಲೇಜಿನಲ್ಲಿ ಗುಮಾಸ್ತ. ಇಬ್ಬರಿಗೂ ಒಂದೇ ಹುಚ್ಚು: ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ, ಪೆಟ್ರೋಲು ಸಿಗದ ಕಾಲಕ್ಕೆ, ಫ್ರಾನ್ಸಿನವರು ತಯಾರಿಸಿದ ಪುಟಾಣಿ ಕಾರುಗಳು. ಸ್ಕೂಟರಿನಷ್ಟು ಎಂಜಿನ್ನು, ಇಬ್ಬರು ಕೂರುವಷ್ಟು ಜಾಗ, ಅಷ್ಟೇ. ಭಾನುವಾರ ಬಂತೆಂದರೆ ಸೈಬರ್ ಸೆಂಟರಿನಲ್ಲಿ ಕುಳಿತು, ಒಂದಕ್ಷರವೂ ಅರ್ಥವಾಗದ ಫ್ರೆಂಚ್ ಪುಟಗಳನ್ನು ಚಿತ್ರ ನೋಡಿಯೇ ಓದುತ್ತಿದ್ದೆವು. ಆ ಕಾರಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬನ ಹೊಟ್ಟೆಯೂ ಹಿಡಿಸುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅದು ನಿಜವೇ.

ಬಿಡದಿಯ ಸುತ್ತ ವಾರಕ್ಕೊಂದು ಕಾರ್ಖಾನೆಯ ಕಾಂಪೌಂಡು ಏಳುತ್ತಿದ್ದ ವರ್ಷಗಳು ಅವು. ಒಂದು ಬೆಳಿಗ್ಗೆ ಮೋಟಾರು ರಿಪೇರಿಗೆ ಬಂದ ರೈತರೊಬ್ಬರು ನಂಜುಂಡನಿಗೆ ಸುದ್ದಿ ಹೇಳಿದರು. ಬೈರಮಂಗಲದಲ್ಲಿ ಕಾರ್ಖಾನೆಯ ರಸ್ತೆಗಾಗಿ ಒಂದು ಹಳೇ ಕೊಟ್ಟಿಗೆ ಕೆಡವುತ್ತಾರಂತೆ, ಒಳಗೆ ಮೊಟ್ಟೆಯಂಥ ಒಂದು ಕಾರಿದೆಯಂತೆ. ಅವತ್ತೇ ಸಂಜೆ ಜೆಸಿಬಿ, ಅದರ ಬೆನ್ನಿಗೇ ಗುಜರಿಯವನು. ನಂಜುಂಡ ಅಂಗಡಿ ಮುಚ್ಚಿದ. ನಾನು ರಜೆ ಹಾಕಿ, ನೀರು, ಮಾತ್ರೆ, ಬ್ಯಾಟರಿ, ಒಂದು ಬೀಗ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಅವನ ಸ್ಕೂಟರು ಹತ್ತಿದೆ. ಬೀಗ ಯಾಕೆಂದು ಅವನು ಕೇಳಲಿಲ್ಲ. ಅವನಿಗೆ ನನ್ನ ಪರಿಚಯವಿದೆ.

ಕೊಟ್ಟಿಗೆ ಚಿಕ್ಕತಾಯಮ್ಮ ಎಂಬ ಹಿರಿಯರದು. ಅವರ ಗಂಡ ಹಿಂದೆ ಪಾಂಡಿಚೇರಿಯಿಂದ ಬಂದು ಬಿಡದಿ ಕಡೆ ತೋಟ ಮಾಡಿಕೊಂಡಿದ್ದ ಫ್ರೆಂಚ್ ದೊರೆಯೊಬ್ಬನ ಹತ್ತಿರ ಮಾಲಿಯಾಗಿದ್ದರಂತೆ. ದೊರೆ ದೇಶ ಬಿಡುವಾಗ ಕಾರನ್ನು ಮಾಲಿಗೆ ಕೊಟ್ಟು ಹೋದ. ಮಾಲಿ ಅದರ ಅಳತೆ ಹಿಡಿದೇ ಕೊಟ್ಟಿಗೆ ಕಟ್ಟಿಸಿದರು. ಉದ್ದಕ್ಕೆ ಕಾರಿನಷ್ಟು, ಅಗಲಕ್ಕೂ ಕಾರಿನಷ್ಟು. ಎರಡು ಪಕ್ಕದಲ್ಲೂ ಕೈ ತೂರಿಸುವಷ್ಟೇ ಸಂದಿ. ಕಾರು ಮೂತಿಯನ್ನು ಹಿಂಗೋಡೆಗೆ ಒತ್ತಿ, ಬಾಗಿಲ ಕಡೆಗೆ ಬೆನ್ನು ಹಾಕಿ ನಿಂತಿತ್ತು. ಟಯರುಗಳು ಕರಗಿಹೋಗಿ ಗಾಲಿಗಳು ಮಣ್ಣಿನಲ್ಲಿ ಹೂತಿದ್ದವು. ಡ್ರೈವರ್ ಸೀಟಿನ ಮೇಲೆ ಒಂದು ಕೆಂಪು ಕೋಳಿ ಕಾವಿಗೆ ಕುಳಿತಿತ್ತು.

ನಾವು ಹುಡುಕುತ್ತಿದ್ದ ಮಾದರಿಗೆ ಒಂದು ಗುರುತಿತ್ತು. ಅದಕ್ಕೆ ರಿವರ್ಸ್ ಗೇರೇ ಇಲ್ಲ. ಹಿಂದಕ್ಕೆ ಬರಬೇಕೆಂದರೆ ಇಳಿದು ತಳ್ಳಬೇಕು. ನಂಜುಂಡ ಸಂದಿಯಿಂದ ಕಿಟಕಿಯೊಳಗೆ ಕೈ ತೂರಿಸಿ, ಕೋಳಿಯಿಂದ ಕುಕ್ಕಿಸಿಕೊಳ್ಳುತ್ತಲೇ ಗೇರು ಅಲ್ಲಾಡಿಸಿ ನೋಡಿದ.

“ಇಲ್ಲ ಕಣ್ಲಾ, ರಿವರ್ಸೇ ಇಲ್ಲ,” ಎಂದು ರಕ್ತ ಸುರಿಯುವ ಬೆರಳು ತೋರಿಸಿದ. ಲಾಟರಿ ಹೊಡೆದವನ ಮುಖ ಹಾಗಿರುತ್ತದೆ.

ಚಿಕ್ಕತಾಯಮ್ಮ ಮಾತ್ರ ಕೊಡುವುದಿಲ್ಲ ಎಂದರು. “ನಮ್ಮೆಜಮಾನ್ರು ಅದನ್ನ ಗೋಡೆಗೆ ಮೊಕ ಮಾಡಿ ನಿಲ್ಸಿ, ಇನ್ನ ಇದು ಎಲ್ಗೂ ಹೋಗಕಿಲ್ಲ ಕಣೆ ಅಂದಿದ್ರು. ಅವ್ರ ಮಾತ ನಾನು ಮುರಿಯಕಿಲ್ಲ ಕಣಪ್ಪಾ.”

“ಸಂಜಿಗೆ ಜೆಸಿಬಿ ಬತ್ತದಲ್ಲವ್ವಾ?” ಎಂದ ನಂಜುಂಡ.

“ಬರ್ಲಿ. ಕೋಳೀನ ಬುಟ್ಟಿಗೆ ಹಾಕ್ಕತೀನಿ. ಗುಜರಿಯೋನ್ಗೂ ಇಲ್ಲ, ನಿಮ್ಗೂ ಇಲ್ಲ, ಗೋಡೆ ಅಡೀಲೇ ಮಣ್ಣಾಗ್ಲಿ. ಅಷ್ಟು ಆಸೆ ಇದ್ರೆ ಅದನ್ನೇ ಕೇಳ್ಕಳಿ, ಬತ್ತದಾ ಅಂತ.”

ನಂಜುಂಡ ನಿಜಕ್ಕೂ ಬಗ್ಗಿ, ಕಾರಿನ ಬೆನ್ನು ತಟ್ಟಿ, “ಏನಪ್ಪಾ, ಬತ್ತೀಯಾ?” ಎಂದು ಕೇಳಿದ. ಮುದುಕಿಗೆ ನಗು ಬಂತು, ಮನಸ್ಸು ಕರಗಲಿಲ್ಲ. ಬಾಗಿಲಲ್ಲಿ ನಿಂತು ಒಂದೆರಡು ಫೋಟೊ ತೆಗೆದೆವು. ಸಿಗುವುದು ಅಷ್ಟೇ ಎಂದುಕೊಂಡೆವು. “ಉಂಡ್ಕೊಂಡಾದ್ರೂ ಹೋಗಿ,” ಎಂದರು ಚಿಕ್ಕತಾಯಮ್ಮ.

ನಾವು ಉಣ್ಣುವಾಗ ಗುಜರಿಯವನು ಬಂದುಬಿಟ್ಟರೆ ಎಂಬ ಚಿಂತೆ ನನಗೆ. ಕೋಳಿ ಒಳಗಿರುವಂತೆಯೇ ಕೊಟ್ಟಿಗೆಗೆ ನನ್ನ ಬೀಗ ಹಾಕಿ, ಎಳೆದು ನೋಡಿ, ಎರಡು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಮುದ್ದೆ, ಸೊಪ್ಪಿನ ಸಾರು. ಉಂಡು, ಕೊಟ್ಟಿಗೆಯ ಎದುರಿನ ಜಗಲಿಯಲ್ಲೇ ಅಡ್ಡಾದೆವು. ಚಿಕ್ಕತಾಯಮ್ಮ ಕೊಟ್ಟಿಗೆ ಬಾಗಿಲಿಗೆ ಒರಗಿ ಅವರೆಕಾಯಿ ಸುಲಿಯುತ್ತ ಕುಳಿತರು. ನಂಜುಂಡ ಗೊರಕೆ ಹೊಡೆದ. ನಾನು ಕಣ್ಣು ಮುಚ್ಚಿದ್ದೆ, ನಿದ್ದೆ ಮಾಡಿರಲಿಲ್ಲ. ಪರಸ್ಥಳದಲ್ಲಿ ನನಗೆ ನಿದ್ದೆ ಬರುವುದಿಲ್ಲ. ಒಳಗಿನಿಂದ ಒಂದೇ ಒಂದು ಸಲ ಕೋಳಿ ಕೊಕ್ ಎಂದದ್ದು ಕೇಳಿಸಿತು. ಮತ್ತೇನೂ ಇಲ್ಲ.

ಬಿಸಿಲು ಇಳಿಯುವಾಗ ಚಿಕ್ಕತಾಯಮ್ಮನ ಮಗ ಶಿವರಾಮು ಜೆಸಿಬಿಯ ಜೊತೆ ಬಂದ. ಕೋಳಿಯನ್ನು ಎತ್ತಿಕೊಳ್ಳಲೆಂದು ಬೀಗ ತೆಗೆಯಲು ಹೇಳಿದ. ನಾನು ಗೋಡೆ ಕಡೆ ತಿರುಗಿ ಉಡಿದಾರದಿಂದ ಬೀಗದ ಕೈ ಬಿಚ್ಚಿದೆ, ಬೀಗ ತೆಗೆದೆ, ಬಾಗಿಲು ತಳ್ಳಿದೆ.

ಎರಡು ದೀಪದ ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು.

ಕಾರು ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಗಾಲಿಗಳು ಮೊದಲಿನಷ್ಟೇ ಮಣ್ಣಿನಲ್ಲಿ ಹೂತಿದ್ದವು. ನೆಲದ ಹಿಕ್ಕೆ, ಹುಲ್ಲು ಕದಲಿರಲಿಲ್ಲ. ಹೆಂಚಿನ ಕೆಳಗಿನ ಜೇಡರ ಬಲೆ ಕೂಡ ಹರಿದಿರಲಿಲ್ಲ. ಸೀಟಿನ ಮೇಲೆ ಕೋಳಿ ಅದೇ ಮೊಟ್ಟೆಗಳ ಮೇಲೆ ಕುಳಿತು, ಇದರಲ್ಲಿ ತನ್ನದೇನೂ ಇಲ್ಲ ಎಂಬಂತೆ ನಮ್ಮತ್ತ ನೋಡುತ್ತಿತ್ತು. ನನ್ನ ಎಡಗೈ ಜೋಮು ಹಿಡಿಯಿತು.

“ಲೇ,” ಎಂದ ನಂಜುಂಡ ಮೆಲ್ಲಗೆ, “ಬೆಳಿಗ್ಗೆ ನಾನು ಯಾವ ಕಡೆ ತಟ್ಟಿದ್ದು?”

“ಬೆನ್ನು.”

“ನಾನೂ ಹಂಗೇ ಅಂದ್ಕಂಡೆ.”

ಎಲ್ಲರೂ ಚಿಕ್ಕತಾಯಮ್ಮನ ಮುಖ ನೋಡಿದೆವು. ಅವರು ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಗ್ಗಿ ನೋಡಿದರು. ಆಮೇಲೆ ಸೆರಗಿನಲ್ಲಿ ಕಾರಿನ ದೀಪದ ಧೂಳು ಒರೆಸಿದರು.

“ಹೊರಟು ನಿಂತೈತೆ ಬುಡಪ್ಪ,” ಎಂದರು. “ಅದೇ ಹೋಯ್ತೀನಿ ಅಂದ್ಮೇಲೆ ನಾನ್ಯಾರು ತಡಿಯಕೆ? ತಕೊಂಡೋಗಿ. ಕೋಳೀನ ಮಾತ್ರ ಏಳಿಸ್ಬ್ಯಾಡಿ. ಮರಿ ಮಾಡುಸ್ಕೊಂಡು ತಂದ್ಕೊಡಿ.”

ಹಾಗಾಗಿ ನಾವು ಗಾಲಿಯ ಸುತ್ತ ಮಣ್ಣು ತೋಡಿ, ಕಾರನ್ನು ಕೋಳಿಯ ಸಮೇತ ಬಾಡಿಗೆಯ ಟೆಂಪೊಗೆ ಏರಿಸಿದೆವು. ಗುಂಡಿ ಬಂದಲ್ಲೆಲ್ಲ ನಾನು “ನಿಧಾನ, ಮೊಟ್ಟೆ” ಎಂದು ಕೂಗುತ್ತ ಹಿಂದೆ ನಿಂತಿದ್ದೆ. ನಂಜುಂಡನ ಅಂಗಡಿಯ ಹಿತ್ತಿಲಲ್ಲಿ ಮೊಟ್ಟೆ ಒಡೆದು ಮರಿಗಳು ಬಂದವು. ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ತಾಯಿಯನ್ನೂ ಮಕ್ಕಳನ್ನೂ ಒಪ್ಪಿಸಿ ಬಂದೆವು. ಚಿಕ್ಕತಾಯಮ್ಮ ಮೊದಲು ವಿಚಾರಿಸಿದ್ದು ಮರಿಗಳನ್ನಲ್ಲ, ಕಾರನ್ನು. “ಅಲ್ಲಿ ಒಗ್ಗಿಕೊಂಡೈತಾ?” ಎಂದು ಕೇಳಿದರು.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಗೆ ಇದನ್ನು ಹೇಳಿದೆ. ನಿಮ್ಮ ನೆನಪು ತಪ್ಪಿದೆ ಎಂದರು. ಊಟಕ್ಕೆ ಮೊದಲು ತೆಗೆದ ಫೋಟೊ ತೋರಿಸಿದೆ. ಅದರಲ್ಲಿ ಕಾರಿನ ಬೆನ್ನು, ಹಿಂಬದಿಯ ಒಂಟಿ ದೀಪ ಸ್ಪಷ್ಟವಾಗಿವೆ. ಹಾಗಾದರೆ ಅದು ಬೇರೆ ಕಾರಿರಬೇಕು ಎಂದರು. ಭೂಮಿಯ ಮೇಲೆ ಬೆರಳೆಣಿಕೆಯಷ್ಟು ಉಳಿದಿರುವ ಕಾರು, ಬೈರಮಂಗಲದಲ್ಲೇ ಎರಡಿದ್ದವೆಂದು ನಂಬುವುದು ನನಗೆ ಇನ್ನೂ ಕಷ್ಟ. ಯಾರೋ ಎತ್ತಿ ತಿರುಗಿಸಿದರು ಎನ್ನೋಣವೆಂದರೆ ತಿರುಗಿಸುವಷ್ಟು ಅಗಲವಿಲ್ಲ, ಹೊರಗೆ ತಂದರು ಎನ್ನೋಣವೆಂದರೆ ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ಯೋಚಿಸಿ ಯೋಚಿಸಿ ಸುಸ್ತಾಗಿ ನಾನು ಗ್ಯಾಸಿನ ಚಿಂತೆಗೇ ಮರಳಿದ್ದೇನೆ.

ಕಾರು ಈಗ ನಂಜುಂಡನ ಮನೆಯ ಹಿಂದಿನ ಶೆಡ್ಡಿನಲ್ಲಿದೆ. ಅವನು ಅದನ್ನು ಗೋಡೆಗೆ ಮುಖ ಮಾಡಿಯೇ ನಿಲ್ಲಿಸುತ್ತಾನೆ. ಅವನ ಮನೆಗೆ ಊಟಕ್ಕೆ ಕರೆದಾಗಲೆಲ್ಲ ನಾನು ಕೈ ತೊಳೆಯುವ ಮೊದಲು ಒಮ್ಮೆ ಶೆಡ್ಡಿಗೆ ಹೋಗಿ ನೋಡಿ ಬರುತ್ತೇನೆ. ಉಂಡಾದ ಮೇಲೆ ಇನ್ನೊಮ್ಮೆ ಹೋಗುತ್ತೇನೆ. ಆಗ ನಂಜುಂಡನೂ ಎಲೆ ಅಡಿಕೆ ಬಿಟ್ಟು ಎದ್ದು ಬರುತ್ತಾನೆ.